ಎರಡು ಪೆಟ್ಟು, ಒಂದು ಭೇಷ್

ನನ್ನ ಪ್ಯಾಂಟುಗಳೆಲ್ಲ ಬಲತೊಡೆಯ ಮೇಲೆ ಮೊದಲು ಸವೆಯುತ್ತವೆ. ಮೊಣಕಾಲು, ಹಿಂಭಾಗ, ಜೇಬಿನ ಅಂಚು ಎಂದು ಲೋಕದ ಪ್ಯಾಂಟುಗಳು ಎಲ್ಲೆಲ್ಲಿ ಸವೆಯುತ್ತವೋ ಅಲ್ಲೆಲ್ಲ ನನ್ನವು ಗಟ್ಟಿಮುಟ್ಟಾಗಿಯೇ ಇರುತ್ತವೆ. ಮೊಣಕಾಲಿಗಿಂತ ಒಂದು ಗೇಣು ಮೇಲೆ, ಅಂಗೈಯಗಲದ ಜಾಗ ಮಾತ್ರ ಬಣ್ಣ ಬಿಟ್ಟು ಮಿರುಗತೊಡಗುತ್ತದೆ. ಮೊನ್ನೆ ಖೈತಾನ್ ಬಡಾವಣೆಯ ದರ್ಜಿಯ ಹತ್ತಿರ ಹೊಸ ಪ್ಯಾಂಟು ಹೊಲಿಸಲು ಹೋದಾಗ ಅಳತೆಗೆಂದು ಹಳೆಯದೊಂದನ್ನು ಕೊಟ್ಟೆ. ಆತ ಹೈದರಾಬಾದಿನವನು, ನಲವತ್ತು ವರ್ಷದಿಂದ ಕುವೈತಿನ ಮಂದಿಯ ಸೊಂಟ ಅಳೆದವನು. ಪ್ಯಾಂಟನ್ನು ಬೆಳಕಿಗೆ ಹಿಡಿದು, "ಭಾಯಿ, ಈ ಜಾಗದಲ್ಲಿ ಏನು ಮಾಡ್ತೀರಿ?" ಎಂದು ಕೇಳಿದ.

"ತಾಳ ಹಾಕ್ತೀನಿ" ಎಂದೆ. ಅವನಿಗೆ ಏನು ಅರ್ಥವಾಯಿತೋ, ಮರುಕದಿಂದ ತಲೆಯಾಡಿಸಿ, ಒಳಗಡೆ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿಯುತ್ತೇನೆ ಎಂದ.

ತಾಳ ಹಾಕುವುದೆಂದರೆ ನಮ್ಮ ಕಡೆಯ ಸಂಗೀತದ ತಾಳ. ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು, ತಿರುವು, ಪೆಟ್ಟು, ತಿರುವು. ಇಷ್ಟಾದರೆ ಒಂದು ಆವರ್ತನ. ಹಾಡು ಇದ್ದರೆ ಹಾಡಿಗೆ, ಇಲ್ಲದಿದ್ದರೆ ಬಟ್ಟೆ ಒಗೆಯುವ ಯಂತ್ರಕ್ಕೆ. ನಾವಿರುವ ಮಂಗಫ್‌ನಿಂದ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಗೆ ದಿನಾ ನಮ್ಮನ್ನು ಒಯ್ಯುವ ಕಂಪನಿ ಬಸ್ಸಿನ ಎಂಜಿನ್ನಿಗೂ ನಾನು ತಾಳ ಹಾಕುತ್ತೇನೆ. ಒಂದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ನನ್ನ ತೊಡೆ ಎಂದುಕೊಂಡು ಪಕ್ಕದ ಈಜಿಪ್ಟಿನ ಫೋರ್‌ಮನ್ ತೊಡೆಯ ಮೇಲೆ ಎರಡು ಆವರ್ತನ ಬಾರಿಸಿದ್ದೆ. ಪಾಪ, ದೊಡ್ಡ ಮನಸ್ಸಿನವರು. ಎರಡನೆಯದು ಮುಗಿಯುವವರೆಗೆ ಕಾದು, ಆಮೇಲೆ ಮೆಲ್ಲನೆ ನನ್ನ ಕೈ ಎತ್ತಿ ನನ್ನ ಮಡಿಲಲ್ಲಿಟ್ಟು, "ಖಲಾಸ್" ಎಂದರು.

ಈ ರೋಗ ಹತ್ತಿಸಿದವರು ಸೀತತ್ತೆ, ಅಪ್ಪನ ಅಕ್ಕ. ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಸಂಜೆ ಐದಕ್ಕೆ ಅವರ ಸಂಗೀತ ಪಾಠ. ಎಂಟು ಹತ್ತು ಹುಡುಗಿಯರು, ಎರಡು ಚಾಪೆ, ಒಂದು ಶ್ರುತಿಪೆಟ್ಟಿಗೆ. ಪೆಟ್ಟಿಗೆಯ ತಿದಿಯಲ್ಲಿದ್ದ ತೂತಿಗೆ ಅತ್ತೆ ಯಾರದೋ ಲಗ್ನಪತ್ರಿಕೆ ಹರಿದು ಅಂಟಿಸಿದ್ದರು, ತಿದಿ ಉಸಿರೆಳೆದಾಗಲೆಲ್ಲ ವಧೂವರರ ಹೆಸರು ಹತ್ತಿರ ಬಂದು ದೂರ ಹೋಗುತ್ತಿತ್ತು. ನನಗೂ ಹಾಡು ಕಲಿಯುವ ಆಸೆ. ಮೂರು ದಿನ ಸಹಿಸಿಕೊಂಡ ಅತ್ತೆ ನಾಲ್ಕನೆಯ ದಿನ, "ಮೂರ್ತಿ, ನಿನ್ ಕಂಠ ನಿನ್ ಹತ್ರಾನೇ ಇರ್ಲಿ ಕಣೋ. ಕೈ ಮಾತ್ರ ನಂಗೆ ಕೊಡು" ಎಂದರು. ಅಂದಿನಿಂದ ನಾನು ಮಧ್ಯದಲ್ಲಿ ಕೂತು ತಾಳ ಹಾಕುವವನಾದೆ. ಗಣಿತದಲ್ಲಿ ಪಾಸಾಗಲು ತಿಣುಕುತ್ತಿದ್ದ ನನ್ನ ಕೈಯನ್ನು ಹತ್ತನೇ ಕ್ಲಾಸಿನ ಹುಡುಗಿಯರು ಕೂಡ ಕಣ್ಣು ಮಿಟುಕಿಸದೆ ನೋಡಬೇಕಾಗಿತ್ತು. ಆ ಗತ್ತನ್ನು ನಾನು ಆಮೇಲೆ ಜೀವನದಲ್ಲಿ ಎಲ್ಲೂ ಕಾಣಲಿಲ್ಲ.

ಅತ್ತೆಯ ಒಂದು ಪರೀಕ್ಷೆ ಇತ್ತು. ಹಾಡುತ್ತ ಹಾಡುತ್ತ ಇದ್ದಕ್ಕಿದ್ದ ಹಾಗೆ ಕೈ ಎತ್ತುವರು. ಎಲ್ಲರೂ ಗಪ್‌ಚುಪ್. ಹಾಡಿಲ್ಲ, ತಾಳವಿಲ್ಲ. ಮನಸ್ಸಿನಲ್ಲೇ ಎಣಿಸಿಕೊಂಡು, ಎಂಟು ಆವರ್ತನ ಕಳೆದ ಮೇಲೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಬೇಕು. ಒಬ್ಬಳು ಆರಕ್ಕೆ, ಇನ್ನೊಬ್ಬಳು ಏಳೂವರೆಗೆ ತಟ್ಟಿ ನಾಲಗೆ ಕಚ್ಚಿಕೊಳ್ಳುವರು. "ಸುಮ್ನಿರೋದೂ ಹಾಡೋದ್ರಲ್ಲೇ ಸೇರಿದ್ದು. ಅಲ್ಲೂ ಲೆಕ್ಕ ತಪ್ಪಬಾರ್ದು" ಎನ್ನುವರು ಅತ್ತೆ. ಯಾರಾದರೂ ಸರಿಯಾಗಿ ಎಂಟಕ್ಕೆ ತಟ್ಟಿದರೆ ತೊಡೆಗೊಂದು ಪೆಟ್ಟು ಕೊಟ್ಟು, ಹೊಟ್ಟೆಯ ಆಳದಿಂದ, "ಭೇಷ್". ಬೀದಿಯ ಕೊನೆಯ ಸೈಕಲ್ ಅಂಗಡಿಯವನಿಗೂ ಕೇಳಿಸಬೇಕು, ಹಾಗೆ.

ಕಚೇರಿಗಳಿಗೆ ಹೋದರೂ ಅಷ್ಟೆ. ಚೆನ್ನಾಗಿದ್ದರೆ ಹಾಡಿನ ನಡುವೆಯೇ ಅತ್ತೆಯ ಭೇಷ್ ಹೊರಬೀಳುತ್ತಿತ್ತು. ಮುಗಿದ ಮೇಲೆ ಹೇಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. "ಮುಗಿದ್ಮೇಲೆ ಹೇಳೋದು ಉಪಚಾರ. ಭೇಷ್ ಅನ್ನೋದನ್ನ ಹೊಟ್ಟೇಲಿ ಇಟ್ಕೊಂಡ್ರೆ ಅಜೀರ್ಣ ಆಗತ್ತೆ" ಎಂದಿದ್ದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ಚಳಿಗಾಲದಲ್ಲಿ ಕುವೈತಿನ ಅತ್ಯಾಧುನಿಕ ಸಭಾಂಗಣವೊಂದರಲ್ಲಿ ನನ್ನಿಂದಾದ ಅನಾಹುತಕ್ಕೆ ನಾನೊಬ್ಬನೇ ಹೊಣೆಯಲ್ಲ ಎಂದು ನಿಮಗೆ ಮೊದಲೇ ಮನವರಿಕೆಯಾಗಲಿ ಎಂದು.

ನಮ್ಮ ರಿಫೈನರಿಯಲ್ಲಿ ಲಿನ್ ಎಂಬ ಚೀನೀಯರಿದ್ದಾರೆ. ಗುತ್ತಿಗೆ ಕಂಪನಿಯೊಂದರ ಪಂಪು, ಕಂಪ್ರೆಸರುಗಳ ಮೇಸ್ತ್ರಿ. ಎಲ್ಲರ ಬಾಯಲ್ಲೂ ಲಿನ್ ಭಾಯಿ. ನಾನು ಕಂಟ್ರೋಲ್ ರೂಮಿನಲ್ಲಿ ಪರದೆ ನೋಡುವವನು, ಅವರು ಬಿಸಿಲಲ್ಲಿ ಯಂತ್ರಕ್ಕೆ ಕಿವಿ ಕೊಡುವವರು. ಅಕ್ಷರಶಃ ಕಿವಿಯೇ. ಕಂಪನ ಅಳೆಯುವ ಉಪಕರಣ ಎಷ್ಟೇ ಇದ್ದರೂ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಬೇರಿಂಗ್ ಮೇಲೆ ಇಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಕೇಳುತ್ತಾರೆ. ಒಮ್ಮೆ ನನ್ನ ಕಿವಿಗೂ ಇಟ್ಟರು. ಒಳಗೊಂದು ಗುಂಯ್‌ಗುಡುವ ಲೋಕವೇ ಇತ್ತು. ನನಗರಿವಿಲ್ಲದೆ ಕೈ ತೊಡೆಗೆ ಹೋಯಿತು, ಎಣಿಸಿದೆ, ಪ್ರತಿ ನಾಲ್ಕನೆಯ ಏಟಿಗೆ ಒಂದು ಸಣ್ಣ ಕುಂಟು. ನಾಲ್ಕು ಬೆರಳೆತ್ತಿ ತೋರಿಸಿದೆ. ಲಿನ್ ಭಾಯಿ ಕೂಡ ನಾಲ್ಕು ಬೆರಳೆತ್ತಿ ನಕ್ಕರು. ನಮ್ಮ ಸ್ನೇಹ ಶುರುವಾದದ್ದು ಹಾಗೆ. ನಾವು ಮಾತಾಡುವುದು ಇಂಗ್ಲಿಷು, ಹಿಂದಿ, ಅರಬ್ಬಿ ಮೂರನ್ನೂ ಕಲಸಿದ ಚಿತ್ರಾನ್ನದಲ್ಲಿ. ನಿಮ್ಮ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಂದು ಮಧ್ಯಾಹ್ನ ಲಿನ್ ಭಾಯಿ ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕೂತರು. ಮುಖ ಸಪ್ಪಗಿತ್ತು. ಅವರ ಒಬ್ಬಳೇ ಮಗಳು ಚೀನಾದ ದೊಡ್ಡ ವಾದ್ಯವೃಂದವೊಂದರಲ್ಲಿದ್ದಾಳೆ, ಆ ವೃಂದ ಗುರುವಾರ ಸಂಜೆ ಕುವೈತಿನಲ್ಲಿ ನುಡಿಸಲಿದೆ, ಬೆಳಿಗ್ಗೆ ಬಂದಿಳಿದು ಮರುದಿನವೇ ಹೊರಡುತ್ತದೆ. ಮಗಳು ಅಪ್ಪನ ಫೋನಿಗೆ ಎರಡು ಟಿಕೆಟ್ ಕಳಿಸಿದ್ದಾಳೆ. ಆದರೆ ನಮ್ಮಲ್ಲಿ ಶಟ್‌ಡೌನ್ ನಡೆದಿತ್ತು. ಅಂದರೆ ಘಟಕವನ್ನೇ ನಿಲ್ಲಿಸಿ ಎಲ್ಲ ಬಿಚ್ಚಿ ಜೋಡಿಸುವ ಕಾಲ. ಲಿನ್ ಭಾಯಿಯ ಪಾಳಿ ಮಧ್ಯಾಹ್ನದಿಂದ ಮಧ್ಯರಾತ್ರಿ. ರಜೆ ಕೇಳಿದ್ದಕ್ಕೆ ಅವರ ಮೇಲಧಿಕಾರಿ, ನೀನು ಹೋದರೆ ಆ ಕಂಪ್ರೆಸರ್ ಯಾರು ಕೂಡಿಸುತ್ತಾರೆ ಎಂದರಂತೆ. ಹೌದು, ಯಾರೂ ಕೂಡಿಸಲಾರರು.

"ಅವಳಿಗೆ ಹೇಳಿಲ್ಲ" ಎಂದರು ಲಿನ್ ಭಾಯಿ. "ನಾನು ಬರುವುದಿಲ್ಲ ಎಂದು ಗೊತ್ತಾದರೆ ನುಡಿಸುವಾಗ ಅವಳ ಗಮನ ತಪ್ಪುತ್ತದೆ. ನೀವು ಹೋಗಿ. ನಿಮ್ಮ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಅಲ್ಲಿ ರೆಕಾರ್ಡ್ ಮಾಡಲು ಬಿಡುವುದಿಲ್ಲ. ಕೇಳಿ ಬಂದು ನನಗೆ ಹೇಳಿ. ಬೇರಿಂಗ್ ಕೇಳಿದ ಹಾಗೆ ಕೇಳಿ."

ಏನು ನುಡಿಸುತ್ತಾಳೆ ಎಂದೆ. ಅವರು ಎರಡೂ ಕೈ ಅಗಲಿಸಿ ಒಂದು ದೊಡ್ಡ ವೃತ್ತ ಬರೆದರು. ಜಾಗಟೆ. ಆಳೆತ್ತರದ ಚೌಕಟ್ಟಿಗೆ ತೂಗುಹಾಕಿದ ದೊಡ್ಡ ಜಾಗಟೆ. ಕಾರ್ಯಕ್ರಮದ ಕೊನೆಯ ಕೃತಿ ಮುಕ್ಕಾಲು ಗಂಟೆಯದು, ಅದರಲ್ಲಿ ಮಾತ್ರ ಅವಳ ಪಾಲು. "ಎರಡು ಪೆಟ್ಟು" ಎಂದು ಎರಡು ಬೆರಳೆತ್ತಿದರು. "ಮೊದಲನೆಯದು ಮೆಲ್ಲಗೆ, ಎರಡನೆಯದು ಜೋರಾಗಿ. ಎರಡು ಪೆಟ್ಟಿಗೆ ಹದಿನಾರು ವರ್ಷ ಕಲಿತಳು. ನಾನು ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ. ನಮ್ಮ ಮನೆಯಲ್ಲಿ ಹಾಗೆ ಹೇಳುವ ಅಭ್ಯಾಸವಿಲ್ಲ." ಕೊನೆಯ ಮಾತು ಹೇಳುವಾಗ ಅವರು ನನ್ನನ್ನು ನೋಡಲಿಲ್ಲ.

ಮನೆಗೆ ಬಂದು ಹೆಂಡತಿ ಸುಧಾಳಿಗೆ ಹೇಳಿದೆ. ಅವಳು ಸಂತೋಷಪಟ್ಟಳು, ಮರುಕ್ಷಣ ನನ್ನ ಬಲಗೈ ನೋಡಿದಳು.

"ರೀ, ಅಲ್ಲೆಲ್ಲ ಸೂಜಿ ಬಿದ್ರೂ ಕೇಳಿಸತ್ತಂತೆ. ನೀವು ಟಪಟಪ ಅನ್ನಿಸಿದ್ರೆ ನಾನು ಎದ್ದು ಬೇರೆ ಕಡೆ ಕೂತ್ಕೋತೀನಿ."

"ಇಲ್ಲ ಕಣೇ. ಆಣೆ."

"ಆಣೆ ಬೇಡ. ಕೈಮೇಲೆ ಕೂತ್ಕೊಳ್ಳಿ."

ಗಲ್ಫ್ ರಸ್ತೆಯ ಆ ಕಲಾಕೇಂದ್ರವನ್ನು ನಾನು ಹೊರಗಿನಿಂದ ನೂರು ಸಲ ನೋಡಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಮರುಭೂಮಿಯಲ್ಲಿ ಯಾರೋ ರಾಜಕುಮಾರಿ ಬೀಳಿಸಿಕೊಂಡು ಹೋದ ಬುಗುಡಿಯ ಹಾಗೆ, ಮೈತುಂಬ ಲೋಹದ ಜಾಲಂಧ್ರ, ಸಂಜೆಯಾದರೆ ಒಳಗಿನಿಂದ ಬೆಳಕು. ಬಾಗಿಲಲ್ಲಿ ಸುಧಾಳ ಚೀಲ ನೋಡಿದರು. ಕಚೇರಿ ಎಂದ ಮೇಲೆ ಕುರುಕಲಿಲ್ಲದೆ ಹೇಗೆ ಎಂದು ಅವಳು ಸ್ಟೀಲಿನ ಡಬ್ಬಿಯಲ್ಲಿ ಕೋಡುಬಳೆ ತಂದಿದ್ದಳು. ನನ್ನ ಕೈಯ ಸದ್ದಿಗೆ ಹೆದರಿದವಳಿಗೆ ಕೋಡುಬಳೆಯ ಸದ್ದು ನೆನಪಾಗಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿ. ಕಪ್ಪು ಕೋಟಿನ ಹುಡುಗಿ ನಗುನಗುತ್ತ ಡಬ್ಬಿ ಇಸಕೊಂಡು, ಕೋಟು ಇಡುವ ಕೌಂಟರಿನಲ್ಲಿಟ್ಟು, ಒಂದು ಟೋಕನ್ ಕೊಟ್ಟಳು. ಶ್ರೀಮಂತರ ಉಣ್ಣೆಕೋಟುಗಳ ನಡುವೆ ನಮ್ಮ ಕೋಡುಬಳೆ ಎರಡು ಗಂಟೆ ವಿರಾಜಮಾನವಾಗಿತ್ತು.

ನಮ್ಮದು ಎಡಗಡೆಯ ಏಳನೆಯ ಸಾಲು. ಮಗಳೇ ಆರಿಸಿದ ಜಾಗ, ಅಲ್ಲಿಂದ ಜಾಗಟೆ ನೇರ ಕಾಣುತ್ತಿತ್ತು. ವೇದಿಕೆಯ ಮೇಲೆ ಪಿಟೀಲುಗಳ ಸೈನ್ಯ, ಅವುಗಳ ನಡುವೆ ಚೀನಾದ್ದೇ ಆದ ಎರಡು ತಂತಿಯ ವಾದ್ಯ, ಬಿದಿರಿನ ಕೊಳಲು. ಕೊಳಲು ಶುರುವಾಗಿ ಒಂದು ನಿಮಿಷವಾಗಿರಲಿಲ್ಲ, ಸುಧಾ ನನ್ನ ಕಿವಿಯಲ್ಲಿ, "ಮೋಹನ ಅಲ್ವೇನ್ರೀ?" ಎಂದಳು. ಮೋಹನ ರಾಗವೇ. ಐದೇ ಸ್ವರ, ಅದೇ ಏಣಿ. ಮೈಸೂರಿನ ನಡುಮನೆಯಿಂದ ಯಾರೋ ನನ್ನನ್ನು ಹೆಸರು ಹಿಡಿದು ಕರೆದಂತಾಯಿತು. ನನ್ನ ಬಲಗೈ ಮಾತ್ರ ನನ್ನ ಎಪ್ಪತ್ತೆಂಟು ಕೆಜಿಯ ಕೆಳಗೆ ಸಿಕ್ಕಿಕೊಂಡು ಬಿಡಿಸಿಕೊಳ್ಳಲು ಒದ್ದಾಡುತ್ತಿತ್ತು.

ಕೊನೆಯ ಕೃತಿ ಬಂತು. ಲಿನ್ ಭಾಯಿಯ ಮಗಳು ಬಂದು ಜಾಗಟೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸಣ್ಣ ಹುಡುಗಿ, ಅಪ್ಪನದೇ ಅಗಲ ಹಣೆ. ಹೆಸರನ್ನು ನಾನು ಎಷ್ಟು ಸಲ ಹೇಳಲು ಪ್ರಯತ್ನಪಟ್ಟರೂ ಲಿನ್ ಭಾಯಿ ನಗುವುದರಿಂದ ಇಲ್ಲಿ ಬರೆಯುವುದಿಲ್ಲ. ಉಳಿದವರೆಲ್ಲ ಬಿಲ್ಲು ಎಳೆದರು, ಊದಿದರು, ಬಡಿದರು. ಇವಳು ಸುಮ್ಮನೆ ಕೂತಿದ್ದಳು. ಐದು ನಿಮಿಷ, ಹತ್ತು ನಿಮಿಷ. ನೋಡುವವರಿಗೆ ಬಸ್ಸಿಗೆ ಕಾಯುತ್ತಿದ್ದಾಳೆ ಅನ್ನಿಸಬೇಕು. ಆದರೆ ನನ್ನ ಕಣ್ಣು ಬೇರೆಯದನ್ನು ಕಂಡಿತು. ಅವಳ ಮಡಿಲಲ್ಲಿದ್ದ ಕೈಯ ಬೆರಳುಗಳು, ಕಂಡೂ ಕಾಣದ ಹಾಗೆ, ಒಂದಾದ ಮೇಲೊಂದು ಒತ್ತುತ್ತಿದ್ದವು. ಎಣಿಸುತ್ತಿದ್ದಳು. ಮುಕ್ಕಾಲು ಗಂಟೆಯ ತನ್ನ ಮೌನವನ್ನು ಲೆಕ್ಕ ತಪ್ಪದೆ ಎಣಿಸುತ್ತಿದ್ದಳು. ನಾನೂ ಅವಳ ಜೊತೆ ಎಣಿಸತೊಡಗಿದೆ, ಮತ್ತೆ ಮತ್ತೆ ತಪ್ಪಿ ಮತ್ತೆ ಹಿಡಿದೆ. ಹದಿನಾರು ವರ್ಷ ಯಾತಕ್ಕೆ ಬೇಕು ಎಂದು ನನಗೆ ಆಗ ತಿಳಿಯಿತು.

ಅವಳು ಎದ್ದು ನಿಂತಳು. ಸಂಗೀತ ಏರಿ ಏರಿ, ಸಭಾಂಗಣದ ಚಾವಣಿಗೆ ಇನ್ನೇನು ತಗಲಬೇಕು, ಅಷ್ಟರಲ್ಲಿ ಕೋಲು ಹಿಡಿದು ಎಲ್ಲರನ್ನೂ ನಡೆಸುತ್ತಿದ್ದವರು ಕೈ ಮೇಲೆತ್ತಿದರು. ಥೇಟ್ ಸೀತತ್ತೆಯ ಹಾಗೆ. ನೂರು ವಾದ್ಯ ಒಮ್ಮೆಗೇ ನಿಂತವು. ಗಪ್‌ಚುಪ್. ಒಂದು, ಎರಡು, ಮೂರು. ನಾನು ಉಸಿರು ಬಿಡಲಿಲ್ಲ. ಏಳು, ಎಂಟು. ಸರಿಯಾಗಿ ಎಂಟಕ್ಕೆ ಅವಳು ಜಾಗಟೆಯನ್ನು ಮುಟ್ಟಿದಳು. ಹೊಡೆದಳು ಎನ್ನಲಾರೆ. ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ ಸುಂಯ್ ಎಂದು ಹುಟ್ಟಿದ ನಾದ ನೆಲದ ಮೇಲೆ ಹರಡಿ ನಮ್ಮ ಪಾದಗಳವರೆಗೆ ಬಂತು.

ನನ್ನ ಕೈ ಬಿಡುವಾಗಿದ್ದರೆ ತೊಡೆಗೊಂದು ಏಟು ಬಿದ್ದು ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೈಗೆ ದಾರಿ ಇರಲಿಲ್ಲ. ಆ ಏಟು ಬಾಯಿಂದ ಬಂತು.

"ಭೇಷ್."

ನನ್ನ ದನಿಯೇ ನನಗೆ ಗುರುತಾಗಲಿಲ್ಲ. ಅದು ಹೊಟ್ಟೆಯ ಆಳದಿಂದ, ಸೈಕಲ್ ಅಂಗಡಿಯವರೆಗೂ ಕೇಳಿಸುವ ಹಾಗೆ ಬಂದಿತ್ತು. ಆ ಸಭಾಂಗಣವನ್ನು ಕಟ್ಟಿದವರು ಪಿಸುಮಾತೂ ಕೊನೆಯ ಸಾಲಿಗೆ ಮುಟ್ಟಲಿ ಎಂದು ಕಟ್ಟಿದವರು. ನನ್ನ ಭೇಷ್ ಅಲ್ಲೆಲ್ಲ ಒಂದು ಸುತ್ತು ಹಾಕಿ, ವಿಚಾರಿಸಿಕೊಂಡು, ಮತ್ತೆ ನನ್ನ ಬಳಿಗೇ ಬಂತು. ಸಾವಿರ ತಲೆಗಳು ತಿರುಗಿದವು. ಮುಂದಿನ ಸಾಲಿನ ಅರಬ್ ಮಹಿಳೆ ತಿರುಗಿ ನನ್ನ ಆರೋಗ್ಯ ವಿಚಾರಿಸುವಂತೆ ನೋಡಿದರು. ಸುಧಾ ನಿಧಾನವಾಗಿ ಎಡಗಡೆಗೆ ವಾಲಿ, ಆ ಕಡೆ ಕೂತಿದ್ದ ಫಿಲಿಪಿನೋ ದಂಪತಿಯ ಮನೆಯವಳಂತೆ ಆಗಿಬಿಟ್ಟಳು. ವೇದಿಕೆಯಲ್ಲಿ ಆ ಹುಡುಗಿ ಕತ್ತಲಿನತ್ತ, ಸರಿಯಾಗಿ ನಮ್ಮ ಸಾಲಿನತ್ತ ತಲೆಯೆತ್ತಿದಳು. ಅವಳ ಮುಖದಲ್ಲಿ ಏನಿತ್ತು ಎಂದು ನೋಡುವ ಧೈರ್ಯ ನನಗಾಗಲಿಲ್ಲ. ಎರಡನೆಯ ಪೆಟ್ಟು ಕೊನೆಯಲ್ಲಿ ಬಂತು. ಕುರ್ಚಿಗಳು ಅದುರಿದವು. ಆಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಾನೊಬ್ಬ ಕೂತೇ ಇದ್ದೆ, ಕೈಮೇಲೆ.

ಮಂಗಫ್‌ಗೆ ಹಿಂತಿರುಗುವ ದಾರಿಯಲ್ಲಿ ಸುಧಾ ಫಹಾಹೀಲ್ ಹೆದ್ದಾರಿಯ ಅರ್ಧದವರೆಗೆ ಕಿಟಕಿಯಾಚೆಯ ದೀಪಗಳನ್ನು ಎಣಿಸಿದಳು. ಆಮೇಲೆ ಡಬ್ಬಿ ತೆಗೆದು ನನಗೊಂದು ಕೋಡುಬಳೆ ಕೊಟ್ಟಳು.

"ಅನ್ನೋದು ಅಂದ್ರಿ, ಸರಿ. ಅಷ್ಟು ಜೋರಾಗಾ?"

"ಲಿನ್ ಭಾಯಿಗೆ ಏನು ಹೇಳ್ಲಿ?"

"ಮಗಳು ಚೆನ್ನಾಗಿ ಬಾರಿಸಿದ್ಲು ಅನ್ನಿ. ಮಧ್ಯದಲ್ಲಿ ಒಬ್ಬ ಹುಚ್ಚ ಕೂಗ್ದ ಅನ್ನಿ. ಯಾರು ಅಂತ ಹೇಳ್ಬೇಡಿ."

ನನಗೆ ನಗು ಬರಲಿಲ್ಲ. ಅಪ್ಪ ಬಂದಿದ್ದಾನೆಂದು ನಂಬಿ ಹದಿನಾರು ವರ್ಷದ ವಿದ್ಯೆಯನ್ನು ಒಂದು ಪೆಟ್ಟಿನಲ್ಲಿಟ್ಟ ಹುಡುಗಿ, ಅದರ ಮೇಲೆ ನನ್ನ ಅರಚಾಟ. ಶುಕ್ರವಾರವಿಡೀ ಅದನ್ನೇ ನೆನೆದು ನನಗೆ ನಾಚಿಕೆಯಾಯಿತು, ಬೇಸರವಾಯಿತು. ತಾಳವನ್ನೂ ಹಾಕಲಿಲ್ಲ. ಬಟ್ಟೆ ಒಗೆಯುವ ಯಂತ್ರ ಒಂಟಿಯಾಗಿ ತಿರುಗಿತು.

ಶನಿವಾರ ಮಧ್ಯಾಹ್ನ ಲಿನ್ ಭಾಯಿ ಪಾಳಿಗೆ ಬರುವ ಹೊತ್ತಿಗೆ ಉಳಿದ ಕೋಡುಬಳೆಯ ಡಬ್ಬಿ ಹಿಡಿದು ಕ್ಯಾಂಟೀನಿನ ಬಾಗಿಲಲ್ಲಿ ನಿಂತೆ. ಸುಧಾ ಹೇಳಿಕೊಟ್ಟ ಸುಳ್ಳು ಬಾಯಿಗೆ ಬರಲಿಲ್ಲ. "ಲಿನ್ ಭಾಯಿ, ಅವಳ ಲೆಕ್ಕ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ತಪ್ಪಿದ್ದು ನಾನು. ನಾನು ಕೂಗಿಬಿಟ್ಟೆ" ಎಂದೆ.

"ಗೊತ್ತು" ಎಂದು ಒಳಗಿನ ಮೇಜಿಗೆ ಕರೆದೊಯ್ದರು.

ಶುಕ್ರವಾರ ಬೆಳಿಗ್ಗೆ ಪಾಳಿಗೆ ಮುಂಚೆ ಅವರು ವಿಮಾನ ನಿಲ್ದಾಣಕ್ಕೆ ಹೋಗಿದ್ದರಂತೆ. ಮಗಳು ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಕ್ಷಮೆ ಕೇಳಬೇಕು, ನಾನು ಬರಲಿಲ್ಲ ಎಂದು ಹೇಳಿಬಿಡಬೇಕು ಎಂದು ಅಂದುಕೊಂಡೇ ಹೋಗಿದ್ದರಂತೆ. ಬಾಯಿ ತೆರೆಯುವ ಮೊದಲೇ ಮಗಳು ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

"ಏನೆಂದಳು ಗೊತ್ತೇ, ಮೂರ್ತಿ ಭಾಯಿ? ಅಪ್ಪಾ, ಏಳನೇ ಸಾಲಿನಿಂದ ಕೂಗಿದಿರಲ್ಲ. ಜಾಗಟೆಯವರಿಗೆ ಯಾರೂ ಯಾವತ್ತೂ ಹಾಗೆ ಕೂಗುವುದಿಲ್ಲ. ನೀವು ಮನೆಯಲ್ಲೂ ಒಂದು ಮಾತು ಆಡಿದವರಲ್ಲ, ಅಷ್ಟು ಜನರ ಮುಂದೆ ಕೂಗಿದಿರಿ. ಎರಡನೆಯ ಪೆಟ್ಟು ನಿಮಗೇ ಕೊಟ್ಟೆ ಎಂದಳು. ಹೇಳಿ ಅತ್ತಳು." ಲಿನ್ ಭಾಯಿ ತಲೆಯ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತರು. "ನಾನು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ."

ನಾನು ಕೋಡುಬಳೆಯ ಡಬ್ಬಿಯನ್ನು ಅವರ ಕೈಗಿಟ್ಟೆ.

"ಅದು ಯಾವ ಮಾತು ಎಂದು ಕೇಳಿದಳು. ಇಂಡಿಯಾದ ಸ್ನೇಹಿತರಿಂದ ಕಲಿತದ್ದು ಎಂದೆ. ಇನ್ನೊಂದು ಸಲ ಹೇಳಿ ಎಂದಳು. ಇಲ್ಲಿ ಜನ ಇದ್ದಾರೆ, ಫೋನಿನಲ್ಲಿ ಹೇಳುತ್ತೇನೆ ಎಂದುಬಿಟ್ಟೆ. ನಿನ್ನೆಯಿಂದ ನಿದ್ದೆಯಿಲ್ಲ." ಅವರು ತಲೆಯೆತ್ತಿದರು. "ಭಾಯಿ, ನೀವು ಬೇಜಾರು ಮಾಡಿಕೊಳ್ಳದಿದ್ದರೆ, ಆ ಕೂಗು ನನ್ನದೇ ಆಗಿರಲಿ. ನನಗೆ ಕೊಟ್ಟುಬಿಡಿ. ಹೇಗೆ ಹೇಳುವುದು ಎಂದು ಕಲಿಸಿಕೊಡಿ."

ನಿಜ ಹೇಳುತ್ತೇನೆ, ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಕಂಠ ನಿನ್ನ ಹತ್ತಿರವೇ ಇರಲಿ ಎನ್ನಿಸಿಕೊಂಡವನ ಕಂಠ ಜೀವಮಾನದಲ್ಲಿ ಒಮ್ಮೆ ಒಂದು ವೇದಿಕೆಯನ್ನು ಮುಟ್ಟಿತ್ತು, ಅದನ್ನೂ ಇವರು ಕೇಳುತ್ತಿದ್ದಾರಲ್ಲ ಎನ್ನಿಸಿತು. ಮರುಕ್ಷಣ ಅವರ ಮುಖ ನೋಡಿದೆ. ಕೊಡದೆ ಇರುವುದು ಯಾರಿಂದಲೂ ಆಗುತ್ತಿರಲಿಲ್ಲ. "ತಗೊಳ್ಳಿ, ಅದು ನಿಮ್ಮದೇ" ಎಂದೆ.

ಕ್ಯಾಂಟೀನಿನ ಹಿಂದಿನ ನೆರಳಿನಲ್ಲಿ ಪಾಠ ನಡೆಯಿತು. ಅವರ ಮೊದಲ ಭೇಷ್ ಸೀನಿದಂತೆ ಬಂತು. ಎರಡನೆಯದು ಯಾರೋ ಕೇಳಿಸಿಕೊಂಡಾರು ಎಂಬ ಹೆದರಿಕೆಯಲ್ಲಿ ಅರ್ಧಕ್ಕೇ ನಿಂತಿತು. ಗಂಟಲಿನಿಂದಲ್ಲ, ಹೊಟ್ಟೆಯಿಂದ ಎಂದು ಅತ್ತೆಯ ಹಾಗೆ ಗದರಿದೆ. ಬರೀ ಬಾಯಿ ಸಾಲದು, ತೊಡೆಗೆ ಪೆಟ್ಟೂ ಬೀಳಬೇಕು ಎಂದು ಹೊಡೆದು ತೋರಿಸಿದೆ. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಲಿನ್ ಭಾಯಿ ಕಣ್ಣು ಮುಚ್ಚಿ, ಬೇರಿಂಗ್ ಕೇಳುವಾಗಿನ ಮುಖ ಮಾಡಿಕೊಂಡು, ಒಂದು ಭೇಷ್ ಹಾಕಿದರು. ಆಚೆ ಪೈಪು ಹೊತ್ತುಕೊಂಡು ಹೋಗುತ್ತಿದ್ದ ನಾಲ್ವರು ಪೈಪು ಇಳಿಸಿ ನಿಂತರು.

"ಯಾವಾಗ ಹೇಳಬೇಕು? ಸಂಜೆ ಚಹಾದ ಬಿಡುವಿನಲ್ಲಿ ಫೋನ್ ಮಾಡೋಣ ಎಂದಿದ್ದೆ" ಎಂದರು.

"ಇಟ್ಟುಕೊಳ್ಳಬಾರದು, ಲಿನ್ ಭಾಯಿ. ಇಟ್ಟುಕೊಂಡರೆ ಅಜೀರ್ಣ."

ಪಾಳಿ ಶುರುವಾಗಲು ಹತ್ತು ನಿಮಿಷವಿತ್ತು. ಘಟಕದೊಳಗೆ ಫೋನ್ ತರುವ ಹಾಗಿಲ್ಲ. ಗೇಟಿನ ಪಕ್ಕದ ಗಾಜಿನ ಕೋಣೆಯಲ್ಲಿ ಎಲ್ಲರ ಫೋನುಗಳೂ ಇರುತ್ತವೆ. ಲಿನ್ ಭಾಯಿ ಕೋಡುಬಳೆಯ ಡಬ್ಬಿಯನ್ನು ನನ್ನ ಕೈಗೇ ವಾಪಸು ಕೊಟ್ಟು ಅತ್ತ ಓಡಿದರು. ಐವತ್ತೆಂಟರ ಮನುಷ್ಯ ಆ ಭಾರದ ಬೂಟಿನಲ್ಲಿ ಓಡುವುದನ್ನು ನಾನು ಅದೇ ಮೊದಲು ನೋಡಿದ್ದು. ಚೀನಾದಲ್ಲಿ ಆಗ ಸಂಜೆ. ಆ ಹುಡುಗಿಗೆ ದನಿಯ ವ್ಯತ್ಯಾಸ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮೌನವನ್ನೇ ಅಷ್ಟು ಸರಿಯಾಗಿ ಎಣಿಸುವವಳ ಕಿವಿ ಸಾಮಾನ್ಯದ್ದಲ್ಲ. ಆದರೆ ಈ ಸಲ ಫೋನಿನ ಈ ತುದಿಯಲ್ಲಿದ್ದವರು ಅವಳ ಅಪ್ಪನೇ.

ನಾನು ಹೊರಗೇ ನಿಂತು ಗಾಜಿನ ಮೂಲಕ ನೋಡಿದೆ. ಲಿನ್ ಭಾಯಿ ಎಡಗೈಯಲ್ಲಿ ಫೋನ್ ಹಿಡಿದು ನೆಟ್ಟಗೆ ನಿಂತರು. ತುಟಿ ಎರಡು ಸಲ ತೆರೆದು ಮುಚ್ಚಿತು. ಗಾಜು ದಪ್ಪ, ನನಗೆ ಏನೂ ಕೇಳಿಸಲಿಲ್ಲ. ಆದರೆ ಅವರ ಬಲಗೈ ಮೇಲೆದ್ದು ತೊಡೆಯ ಮೇಲೆ ಬಿತ್ತು, ಸರಿಯಾದ ಜಾಗದಲ್ಲಿ, ಮೊಣಕಾಲಿಗಿಂತ ಒಂದು ಗೇಣು ಮೇಲೆ.